ಸಡ್ಲ ಬಿಡಿಸುವ ಹಂಪಮ್ಮ

"ಮಮ್ಮೀ, ನಮಗೆಲ್ಲಾ ಹಲ್ಲು ಸಡ್ಲ ಬಿಡ್ರಿ, ದವಡಿ ಸಡ್ಲ ಬಿಡ್ರಿ ಅಂತಾರಲ್ಲ ಹಂಪಮ್ಮ ಮಿಸ್, ತಾವ್ಯಾಕ ಯಾವಾಗ್ಲೂ ಹಲ್ಲು ಕಚ್ಕೊಂಡೇ ಇರ್ತಾರ?"

ಪಿಂಕಿ ಹೀಗೆ ಕೇಳಿದ್ದು ಬೆಳಿಗ್ಗೆ ಏಳೂವರೆಗೆ, ತಾಯಿ ಸ್ನೇಹಲತಾ ಅವಳ ಎರಡನೇ ಜಡೆಗೆ ರಿಬ್ಬನ್ನು ಕಟ್ಟುತ್ತಿದ್ದಾಗ. ಕೆಳಗೆ ಶಾಲೆಯ ಆಟೋದವನು ಆಗಲೇ ಎರಡು ಸಲ ಹಾರ್ನು ಒತ್ತಿದ್ದ.

"ಅದನ್ನ ಅವರನ್ನಽ ಕೇಳು" ಎಂದಳು ಸ್ನೇಹಲತಾ, ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಜಗ್ಗಿ. "ನನಗ ನಾಕು ಮಂದಿ ಮುಂದ ಅಂದಾರಲ್ಲ, ನಿನಗೂ ಒಂದಿಷ್ಟು ಅಂತಾರ."

ಪಿಂಕಿ ನಿಜಕ್ಕೂ ಕೇಳಿಬಂದಳು. ಸಂಜೆ ಬ್ಯಾಗು ಇಳಿಸುವ ಮೊದಲೇ ನಗುತ್ತ ಹೇಳಿದಳು, "ಅವರದು ಕಟ್ಟಿಸಿದ ಹಲ್ಲಂತ ಮಮ್ಮಿ! ಸಡ್ಲ ಬಿಟ್ರ ಕೆಳಗ ಬೀಳ್ತಾವಂತ. 'ನಿನ್ನ ಮ್ಯಾಲ ಬಿದ್ರ ಕಚ್ಚತಾವ ನೋಡು, ಸುಮ್ಮನ ಮಕ್ಕೊ' ಅಂದ್ರು." ಸ್ನೇಹಲತಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ, ಆ ಮುದುಕಿಯ ಮಾತಿಗೆ ತಾನು ನಕ್ಕೆನಲ್ಲ ಎಂದು ಸಿಟ್ಟೂ ಬಂತು. ಹಂಪಮ್ಮನ ಜೊತೆ ಮಾತು ಬಿಟ್ಟು ಆಗ ಒಂದು ತಿಂಗಳಾಗಿತ್ತು.

ಪಿಂಕಿಗೆ ತಲೆನೋವು ಶುರುವಾದದ್ದು ಆರನೇ ಕ್ಲಾಸಿನ ಜೂನ್ ತಿಂಗಳಲ್ಲಿ. ಹೈದರಾಬಾದಿನ ನಾರಾಯಣಗೂಡದ ಆ ಶಾಲೆಯಲ್ಲಿ ಆರನೇ ಕ್ಲಾಸಿನಿಂದಲೇ ಐಐಟಿ ಫೌಂಡೇಶನ್ ಎಂದು ದಿನಕ್ಕೆ ಎರಡು ಪೀರಿಯಡ್ಡು ಹೆಚ್ಚು. ಶನಿವಾರಕ್ಕೊಂದು ಟೆಸ್ಟು. ಟೆಸ್ಟಿನ ಅಂಕ ನೋಡಿ ಎ, ಬಿ, ಸಿ ಸೆಕ್ಷನ್ನು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಹೆಸರು ಕರೆಯುತ್ತಾರೆ. ಕರೆಸಿಕೊಂಡವರು ಬ್ಯಾಗು, ನೀರಿನ ಬಾಟಲಿ, ಊಟದ ಡಬ್ಬಿ ಎತ್ತಿಕೊಂಡು ಎಲ್ಲರ ಎದುರಿಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯಬೇಕು. ಮೂರನೇ ವಾರ ಪಿಂಕಿ ಹಾಗೆ ನಡೆದಳು. ಆ ಸಂಜೆಯೇ ಹಣೆ ಹಿಡಿದುಕೊಂಡು ಕೂತಳು.

ಮೊದಲು ಕಣ್ಣು ತೋರಿಸಿದರು. ಕಣ್ಣು ಸರಿ ಇತ್ತು. ಮೂಗು ತೋರಿಸಿದರು, ಹಲ್ಲು ತೋರಿಸಿದರು. ಕೊನೆಗೆ ಅವಳ ಅಪ್ಪ ಗುರುಬಸವ ಸಿಕಂದರಾಬಾದಿನ ತನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ಕಣ್ಣಿಗೆ ಬೆಳಕು ಬಿಟ್ಟು, ಮಂಡಿ ತಟ್ಟಿ, ನೆಲದ ಗೆರೆಯ ಮೇಲೆ ನಡೆಸಿ ನೋಡಿದರು. ತಲೆಯ ಒಳಗೇನೂ ತೊಂದರೆಯಿಲ್ಲ, ಕುತ್ತಿಗೆ, ಹೆಗಲು, ದವಡೆ ಮಾತ್ರ ಕಲ್ಲಿನ ಹಾಗೆ ಬಿಗಿದುಕೊಂಡಿವೆ, ದಿನಾ ಗುಳಿಗೆ ನುಂಗಿಸಬೇಡಿ, ಬಿಗಿ ಬಿಡುವುದನ್ನು ಕಲಿಸಿ ಎಂದರು. ಎಲ್ಲಿ ಕಲಿಸುತ್ತಾರೆ ಎಂದು ಕೇಳಿದರೆ ಊರಿನ ಇನ್ನೊಂದು ತುದಿಯ ವಿಳಾಸ ಕೊಟ್ಟರು. ಹೋಗಿ ಬರಲು ಮೂರು ತಾಸು. ದಾರಿಯಲ್ಲೇ ಹೊಸ ತಲೆನೋವು ಬಂದೀತು ಎಂದು ಸ್ನೇಹಲತಾ ಆ ಚೀಟಿಯನ್ನು ಪರ್ಸಿನಲ್ಲೇ ಇಟ್ಟಳು.

ಅಷ್ಟರಲ್ಲಿ ಶಾಲೆಯೇ ಹಂಪಮ್ಮನನ್ನು ಕರೆತಂದಿತು. ಪಿಂಕಿಯ ಹಾಗೆ ತಲೆನೋವು ಎಂದು ಮನೆಗೆ ಹೋಗುವ ಮಕ್ಕಳು ವಾರಕ್ಕೆ ಹತ್ತು ಹನ್ನೆರಡು ಆಗಿದ್ದರು. ಪ್ರಿನ್ಸಿಪಾಲ್ ಉಪೇಂದ್ರ ಮೈಸೂರಿನ ಕಡೆಯವರು, ಮೆತ್ತಗಿನ ಮನುಷ್ಯ, ಯಾರು ಜೋರಾಗಿ ಮಾತಾಡಿದರೂ ಅವರ ಕಡೆಗೇ ವಾಲುವವರು. ಬೆನ್ನುನೋವಿಗೆಂದು ಅವರು ಹಿಂದೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಹಂಪಮ್ಮನ ಕೈಗುಣ ನೋಡಿದ್ದರಂತೆ. ಬುಧವಾರ, ಶನಿವಾರ ಕೊನೆಯ ಪೀರಿಯಡ್ಡು ಆಕೆಗೆ ಕೊಟ್ಟರು.

ಹಂಪಮ್ಮ ಲಿಂಗಸುಗೂರು ಕಡೆಯವಳು. ಹದಿನೆಂಟಕ್ಕೆ ಮದುವೆಯಾಗಿ ಸಿಕಂದರಾಬಾದಿಗೆ ಬಂದಳು. ಗಂಡ ಸ್ಟೇಶನ್ನಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷಕ್ಕೆ ಅವನಿಗೆ ಕಾಜಿಪೇಟೆಗೆ ವರ್ಗವಾಯಿತು, ಅಲ್ಲಿಯೇ ಇನ್ನೊಂದು ಸಂಸಾರವೂ ಆಯಿತು. "ಅವಂಗ ವರ್ಗ ಆತು, ನನಗ ಆಗಲಿಲ್ಲ" ಎಂದು ಹೇಳಿ ಆಕೆ ಆ ಮಾತನ್ನು ಮುಗಿಸಿಬಿಡುತ್ತಿದ್ದಳು. ಎಲುಬಿನ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಹಿಡಿದಳು. ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೋಣೆಯಲ್ಲಿ ಚಾಪೆ ಹಾಸುವುದು, ಕಾಲು ಹಿಡಿದುಕೊಳ್ಳುವುದು, ಎಣ್ಣೆ ಬಾಟಲಿ ತೊಳೆಯುವುದು. ಅಲ್ಲಿದ್ದ ವಯಸ್ಸಾದ ಡಾಕ್ಟರೊಬ್ಬರಿಗೆ ತಲೆನೋವಿನವರನ್ನು ಮಲಗಿಸಿ ಒಂದೊಂದೇ ಸ್ನಾಯು ಬಿಗಿ ಮಾಡಿಸಿ, ಒಂದೊಂದೇ ಬಿಡಿಸುವ ವಿದ್ಯೆ ಗೊತ್ತಿತ್ತು. ಅವರು ಬಾಯಲ್ಲಿ ಹೇಳುತ್ತಿದ್ದರು, ಹಂಪಮ್ಮ ಕೈಯಲ್ಲಿ ಮುಟ್ಟಿ ನೋಡುತ್ತಿದ್ದಳು. ಮೂವತ್ತೆಂಟು ವರ್ಷ ಹಾಗೆ ಮುಟ್ಟಿದ ಮೇಲೆ, ಹೆಗಲಿನ ಮೇಲೆ ಎರಡು ಬೆರಳಿಟ್ಟರೆ ಸಾಕು, ಇವನು ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಎಂದು ಹೇಳಬಲ್ಲವಳಾದಳು.

ಕೈ ಅಷ್ಟು ಮೃದು. ಬಾಯಿ ಮಾತ್ರ ಜಾಲಿಮುಳ್ಳು. ಆಸ್ಪತ್ರೆಯಲ್ಲಿ ವಾಚ್‌ಮನ್ನಿನೊಂದಿಗೆ ಜಗಳ, ಲಿಫ್ಟಿನವನೊಂದಿಗೆ ಜಗಳ. ನೋವೆಂದು ಕೂಗುವ ರೋಗಿಗೆ "ಒದರಬ್ಯಾಡ, ನಿನ್ನ ಕಾಲು ನನ್ನ ಕೈಯಾಗೈತಿ, ಎಷ್ಟು ನೋಯ್ತೈತಂತ ನನಗ ಗೊತ್ತೈತಿ" ಎನ್ನುತ್ತಿದ್ದಳು. ಬೈಸಿಕೊಂಡವರೇ ಮರುದಿನ ಬಂದು ಹಂಪಮ್ಮ ಎಲ್ಲಿ ಎಂದು ಹುಡುಕುತ್ತಿದ್ದರು. ನಿವೃತ್ತಿಯಾದ ಮೇಲೆ ಉಪ್ಪಲ್‌ನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ಬುಧವಾರ ಶನಿವಾರ ಅಲ್ಲಿಂದ ಮೆಟ್ರೋ ಹತ್ತಿ, ಪರೇಡ್ ಗ್ರೌಂಡಿನಲ್ಲಿ ಇಳಿದು ಇನ್ನೊಂದು ಹತ್ತಿ ನಾರಾಯಣಗೂಡಕ್ಕೆ ಬರುತ್ತಿದ್ದಳು. ಹೆಗಲ ಮೇಲೆ ತನ್ನದೇ ಜಮಖಾನೆಯ ಸುರುಳಿ. ಶಾಲೆಯ ಚಾಪೆಯಲ್ಲಿ ಧೂಳೆಂದು ಮೊದಲ ದಿನವೇ ಬೈದು ಬಿಸಾಕಿದ್ದಳು.

ಆಟದ ಕೋಣೆಯಲ್ಲಿ ಮಕ್ಕಳನ್ನು ಸಾಲಾಗಿ ಮಲಗಿಸುವುದು. ಕಣ್ಣು ಮುಚ್ಚಿಸುವುದು. ಬಲಗೈ ಮುಷ್ಟಿ ಬಿಗಿ ಹಿಡಿ, ಐದು ಎಣಿಸು; ಬಿಡು, ಹತ್ತು ಎಣಿಸು. ಆಮೇಲೆ ಎಡಗೈ. ಆಮೇಲೆ ಹುಬ್ಬು ಮೇಲಕ್ಕೆ, ಕಣ್ಣು ಗಟ್ಟಿ, ಹಲ್ಲು ಗಟ್ಟಿ, ಹೆಗಲು ಕಿವಿಯ ತನಕ. ಹಿಡಿದದ್ದು ಹೇಗಿರುತ್ತದೆ, ಬಿಟ್ಟದ್ದು ಹೇಗಿರುತ್ತದೆ ಎಂದು ಮೈಗೇ ಗೊತ್ತಾಗಬೇಕು, ತಲೆಗಲ್ಲ. ನಡುವೆ ಹಂಪಮ್ಮ ಬಂದು ಒಂದೊಂದು ಮಗುವಿನ ಮುಂಗೈ ಎತ್ತಿ ಕೈಬಿಡುತ್ತಾಳೆ. ಕೈ ಗಾಳಿಯಲ್ಲೇ ನಿಂತರೆ "ಇದು ಕೈಯಲ್ಲ, ಕಟಗಿ" ಎಂದು ಮುಂದಕ್ಕೆ ಹೋಗುತ್ತಾಳೆ. ದೊಪ್ಪೆಂದು ಬಿದ್ದರೆ "ಹ್ಞಾಂ." ಮಕ್ಕಳು ಆ ಒಂದು ಹ್ಞಾಂಗೆ ಕಾಯುತ್ತಿದ್ದರು.

ಜೊತೆಗೆ ಚೀಟಿ. ದಿನಾ ತಲೆನೋವು ಎಷ್ಟು ಹೊತ್ತಿಗೆ ಬಂತು, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಬರೆದು ತರಬೇಕು. ಸ್ನೇಹಲತಾಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಮೂರು ವಾರದ ಚೀಟಿಗಳನ್ನು ದಾರ ಪೋಣಿಸಿ, ಜುಲೈ ಕೊನೆಯ ಪೋಷಕರ ಸಭೆಗೆ ಶಹಬ್ಬಾಸ್ ಎನಿಸಿಕೊಳ್ಳುವ ಆಸೆಯಿಂದಲೇ ಒಯ್ದಿದ್ದಳು. ಹಂಪಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ತಿರುವಿದಳು.

"ಇದೇನ್ವಾ, ದಿನಾ ಸಂಜಿ ಆರೂವರಿಗೇ ಏಳು ಬರ್ತೈತಿ? ಅದೇನು ಗಡಿಯಾರ ನೋಡ್ಕೊಂಡು ಬರ್ತೈತೇನು? ಆರೂವರಿಗೆ ನಿಮ್ಮ ಮನ್ಯಾಗ ಏನ್ ನಡೀತೈತಿ?"

"ಓದಾಕ ಕೂಡಸ್ತೀನ್ರಿ."

"ಎಷ್ಟೊತ್ತಿನ ತನಕ?"

"ಒಂಬತ್ತು... ಒಂದೊಂದ್ಸಲ ಒಂಬತ್ತೂವರಿ."

"ಹಂಗಾದ್ರ ಇಷ್ಟು ಚೀಟಿ ಯಾಕ ಬರದಿ ತಂಗಿ? ತಲಿಬ್ಯಾನಿ ಹೆಸರು ಸ್ನೇಹಲತಾ ಅಂತ ಒಮ್ಮೆ ಬರದಿದ್ರ ಮುಗೀತಿತ್ತು."

ಹಿಂದೆ ಸಾಲಿನಲ್ಲಿ ನಿಂತಿದ್ದ ತಾಯಂದಿರಲ್ಲಿ ಕನ್ನಡ ಬರುವವರು ನಕ್ಕರು. ಬಾರದವರು ಏನಂತೆ ಎಂದು ತೆಲುಗಿನಲ್ಲಿ ಕೇಳಿ ತಿಳಿದುಕೊಂಡು, ತಡವಾಗಿ ನಕ್ಕರು. ಆ ಎರಡನೇ ನಗು ಸ್ನೇಹಲತಾಳ ಕಿವಿಯನ್ನು ಸುಟ್ಟಿತು. ಬಾಯಿಗೆ ಬಂದದ್ದನ್ನು ಆಡಿದಳು: "ಹೆತ್ತವರಿಗಷ್ಟ ಗೊತ್ತಾಗ್ತದ್ರಿ ಮಕ್ಕಳನ್ನ ಓದಸೋದು ಏನಂತ."

ಹಂಪಮ್ಮ ಚೀಟಿಗಳನ್ನು ಮಡಚಿ ಅವಳ ಕೈಗಿಟ್ಟಳು. "ಖರೇ. ನಾ ಹೆತ್ತಿಲ್ಲ. ಅದಕ್ಕಽ ನನಗ ತಲಿಬ್ಯಾನಿ ಇಲ್ಲ. ಮುಂದಿನವರು ಬರ್ರಿ."

ಅಂದಿನಿಂದ ಮಾತಿಲ್ಲ. ತಾನು ಆಡಿದ್ದು ಆಡಬಾರದ ಮಾತು ಎಂದು ಮನೆಗೆ ಬರುವ ದಾರಿಯಲ್ಲೇ ಸ್ನೇಹಲತಾಳಿಗೆ ಅನಿಸಿತ್ತು. ಆದರೆ ಕ್ಷಮೆ ಕೇಳುವುದಕ್ಕೆ ಮೊದಲು ಆ ಮುದುಕಿ ಕೇಳಲಿ ಎಂದೂ ಅನಿಸಿತ್ತು. ಆ ವಾರದಿಂದ ಅವಳು ಓದಿಸುವ ಹೊತ್ತನ್ನು ಏಳಕ್ಕೆ ದೂಡಿದಳು, ಎಂಟೂಕಾಲಿಗೆ ಪುಸ್ತಕ ಮುಚ್ಚಿಸಿದಳು. ಯಾಕೆ ಎಂದು ಗುರುಬಸವ ಕೇಳಿದ್ದಕ್ಕೆ "ಸೆಖಿ ಭಾಳ ಐತಿ" ಎಂದಳು. ಚೀಟಿಯ ಮೇಲಿನ ಏಳು ಐದಾಯಿತು. ಆಗಸ್ಟ್ ಮುಗಿಯುವಾಗ ಮೂರು. ಒಂದು ಸಂಜೆ ಪಿಂಕಿ ತಾನೇ ಚಾಪೆ ಹಾಸಿಕೊಂಡು ಮಲಗಿ, "ಮಮ್ಮಿ, ಕೈ ಎತ್ತಿ ನೋಡು" ಎಂದಳು. ಎತ್ತಿ ಬಿಟ್ಟರೆ ಹಿಂಡಿದ ಬಟ್ಟೆಯಂತೆ ಬಿತ್ತು. ಹುಟ್ಟಿದ ಹೊಸತರಲ್ಲಿ ಹಾಲು ಕುಡಿದು ಮಲಗಿದಾಗ ಇದ್ದ ಭಾರ ಅದು, ಅದೇ ಭಾರ. ಸ್ನೇಹಲತಾ ಆ ಕೈಯನ್ನು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತಳು. ಆದರೂ ಮರುದಿನ ಹಂಪಮ್ಮ ಮೆಟ್ರೋ ಮೆಟ್ಟಿಲ ಬಳಿ ಎದುರಾದಾಗ ರಸ್ತೆಯ ಆ ಬದಿಗೆ ದಾಟಿದಳು.

ಸೆಪ್ಟೆಂಬರಿನ ಒಂದು ಬುಧವಾರ ಪಿಂಕಿಯನ್ನು ಬೇಗ ಕರೆದೊಯ್ಯಬೇಕೆಂದು ಸ್ನೇಹಲತಾ ಶಾಲೆಗೆ ಹೋದಳು. ಆಟದ ಕೋಣೆಯ ಕಿಟಕಿಯಲ್ಲಿ ನಿಂತಳು. ಒಳಗೆ ಹಂಪಮ್ಮ ತೆಲುಗಿನಲ್ಲಿ ಹೇಳಿಕೊಡುತ್ತಿದ್ದಳು, ಆಸ್ಪತ್ರೆಯ ವರಾಂಡದಲ್ಲಿ ಕಲಿತ ತೆಲುಗು. ಕೈ, ಹಣೆ, ಹೆಗಲು ಎಲ್ಲಾ ಮುಗಿದು ಕೊನೆಗೆ ದನಿ ತಗ್ಗಿಸಿ ಅಂದಳು: "ಅಂತಾ ವದಿಲೇಯಂಡಿ. ಅಂತಾ ವದಿಲೇಯಂಡಿ."

ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಸ್ನೇಹಲತಾಳಿಗೆ ಕೂಡಲೇ ತಿಳಿಯಿತು. ಆಕೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವುದು ಕನ್ನಡದ 'ಎಲ್ಲಾ ಸಡ್ಲ ಬಿಡ್ರಿ' ಎಂಬ ಮಾತು. ತೆಲುಗಿಗೆ ತರುವಾಗ ಸಡಿಲ ದಾರಿಯಲ್ಲೇ ಉದುರಿಹೋಗಿ, ಬರೀ 'ಬಿಡ್ರಿ' ಉಳಿದಿದೆ. 'ವದುಲು ಚೇಯಂಡಿ' ಎಂದರೆ ಸಡಿಲ ಮಾಡಿ ಎಂದಾಗುತ್ತಿತ್ತು. 'ಅಂತಾ ವದಿಲೇಯಂಡಿ' ಎಂದರೆ ಎಲ್ಲವನ್ನೂ ಬಿಟ್ಟುಬಿಡಿ, ಕೈಚೆಲ್ಲಿಬಿಡಿ. ಕಣ್ಣು ಮುಚ್ಚಿ ಮಲಗಿದ ಮೂವತ್ತು ಮಕ್ಕಳಿಗೆ ಆಕೆ ವಾರಕ್ಕೆರಡು ಸಲ ಹೇಳುತ್ತಿದ್ದುದು ಅದು.

ಒಳಗೆ ಹೋಗಿ ಹೇಳಲು ಎರಡು ನಿಮಿಷ ಸಾಕಿತ್ತು. ಸ್ನೇಹಲತಾ ಹೇಳಲಿಲ್ಲ. ನನಗೆ ಅಷ್ಟು ಬುದ್ಧಿ ಹೇಳಿದವಳು, ತನ್ನ ತೆಲುಗು ತಾನೇ ನೋಡಿಕೊಳ್ಳಲಿ ಎಂದು ಮಗಳ ಕೈ ಹಿಡಿದು ಬಂದುಬಿಟ್ಟಳು. ಮನೆಗೆ ಬಂದು ಗುರುಬಸವನ ಮುಂದೆ ಅದನ್ನು ಅಣಕಿಸಿ ನಗಿಸಿದ್ದೂ ಉಂಟು.

ಸ್ನೇಹಲತಾ ಇದ್ದ ಅಪಾರ್ಟ್‌ಮೆಂಟಿನದೇ ನಾಲ್ಕನೇ ಮಹಡಿಯಲ್ಲಿ ನಲಿನಿಯ ಮನೆ. ತೆಲುಗಿನವರು, ಅವಳ ಮಗಳು ಸೌಂದರ್ಯಾ ಪಿಂಕಿಯ ಓರಗೆಯವಳು. ಆರನೇ ಕ್ಲಾಸಿನ ಮೊದಲ ದಿನದಿಂದ ಎ ಸೆಕ್ಷನ್ ಬಿಟ್ಟು ಕೆಳಗಿಳಿದವಳಲ್ಲ, ಮೊದಲ ಮೂರು ರ‍್ಯಾಂಕ್ ಬಿಟ್ಟು ಕೊಟ್ಟವಳಲ್ಲ. ಅವಳಿಗೂ ಎರಡು ವರ್ಷದಿಂದ ತಲೆನೋವಿತ್ತು. ನಲಿನಿ ಒಲ್ಲದ ಮನಸ್ಸಿನಿಂದಲೇ ಅವಳನ್ನು ಹಂಪಮ್ಮನ ಕ್ಲಾಸಿಗೆ ಸೆಪ್ಟೆಂಬರಿನಲ್ಲಿ ಕಳಿಸಿದ್ದಳು.

ದಸರೆಯ ರಜೆ ಮುಗಿದ ಮೇಲಿನ ಮೊದಲ ಶನಿವಾರ, ಗಣಿತದ ಟೆಸ್ಟಿನಲ್ಲಿ ಸೌಂದರ್ಯಾ ಐವತ್ತರಲ್ಲಿ ಹದಿನೆಂಟು ಲೆಕ್ಕ ಮಾಡಿ ಪೆನ್ನು ಕೆಳಗಿಟ್ಟಳು. ಕೈ ಎರಡೂ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿ ಕೂತಳು. ಗಂಟೆ ಬಾರಿಸುವ ತನಕ ತೆರೆಯಲಿಲ್ಲ. ಮೇಷ್ಟ್ರು ಯಾಕೆಂದು ಗದರಿಸಿದರೆ ನೆಮ್ಮದಿಯಾಗಿ ಹೇಳಿದಳಂತೆ: "ಹಂಪಮ್ಮ ಮೇಡಂ ಅಂತಾ ವದಿಲೇಯಮನ್ನಾರು." ಮೇಡಂ ಎಲ್ಲಾ ಬಿಟ್ಟುಬಿಡಿ ಅಂದಿದ್ದಾರೆ.

ಸೋಮವಾರ ಸೌಂದರ್ಯಾ ಬ್ಯಾಗು ಹೊತ್ತು ನೇರ ಸಿ ಸೆಕ್ಷನ್ನಿಗೆ ನಡೆದಳು. ಮಧ್ಯಾಹ್ನದೊಳಗೆ ಪೋಷಕರ ವಾಟ್ಸಾಪ್ ಗುಂಪಿಗೆ ಬೆಂಕಿ ಬಿದ್ದಿತು. ನಲಿನಿ ವಾಯ್ಸ್ ಮೆಸೇಜ್ ಹಾಕಿದಳು: ಆಯಾಳನ್ನು ತಂದು ಮೇಡಂ ಮಾಡಿದ್ದಾರೆ, ಆಕೆ ನಮ್ಮ ಮಕ್ಕಳಿಗೆ ಓದು ಬಿಡಿ ಎಂದು ಕಿವಿಯಲ್ಲಿ ಊದುತ್ತಿದ್ದಾಳೆ. ಇನ್ನೊಬ್ಬರು, ಇದು ಮಂಕುಬೂದಿ ಎಂದರು. ಮತ್ತೊಬ್ಬರು, ಇವತ್ತು ಪೇಪರ್ ಬಿಡು ಎಂದವಳು ನಾಳೆ ಏನನ್ನು ಬಿಡು ಎಂದಾಳು ಎಂದು ಕೇಳಿದರು. ಅದಾದ ಮೇಲೆ ಎಲ್ಲರಿಗೂ ಹೆದರಿಕೆ ಹೊಕ್ಕಿತು.

ಲಿಫ್ಟಿನಲ್ಲಿ ನಲಿನಿ ಸ್ನೇಹಲತಾಳನ್ನು ಹಿಡಿದು ತೆಲುಗಿನಲ್ಲಿ ಕೇಳಿದಳು, "ಆಕೆ ನಿಮ್ಮ ಭಾಷೆಯವಳಲ್ಲವಾ? ನೀವು ಯಾರ ಕಡೆ?"

"ನನಗೂ ಆಕೆಗೂ ಮಾತೇ ಇಲ್ಲ" ಎಂದಳು ಸ್ನೇಹಲತಾ. ಅದು ನಿಜವೇ ಆಗಿತ್ತು. ಆದರೂ ಲಿಫ್ಟಿನ ಬಾಗಿಲು ತೆರೆದಾಗ ಓಡಿ ಹೊರಗೆ ಬಂದಂತೆ ಬಂದಳು.

ರಾತ್ರಿಯ ಊಟಕ್ಕೆ ಕೂತಾಗ ಪಿಂಕಿ ಹೇಳಿದಳು, "ಸೌಂದರ್ಯಾಗ ಹದಿನೆಂಟನೇ ಲೆಕ್ಕಕ್ಕ ತಲಿ ಢಂಢಂ ಅಂತಿತ್ತಂತ. ನಂಬರ್ ಕಾಣವಲ್ದಾಗಿತ್ತಂತ. ಕಣ್ಣು ಮುಚ್ಚಿ ಮಿಸ್ ಹೇಳಿದಂಗ ಮಾಡಿದ್ಲಂತ. ಹೋತಂತ ಮಮ್ಮಿ, ಪೂರ್ತಿ ಹೋತಂತ. ಚೀಟ್ಯಾಗ ಸೊನ್ನಿ ಬರದಾಳ. ಕ್ಲಾಸ್ ಬಂದ್ ಮಾಡ್ತಾರೇನು?"

ಸ್ನೇಹಲತಾ ರೊಟ್ಟಿ ಮುರಿದವಳು ಬಾಯಿಗೆ ಇಡಲಿಲ್ಲ. ಮಗಳ ಚೀಟಿಯಲ್ಲಿ ಆ ವಾರ ಒಂದು, ಒಂದು, ಎರಡು, ಸೊನ್ನೆ ಇತ್ತು. ಕ್ಲಾಸು ನಿಂತರೆ ಆ ಏಳು ತಿರುಗಿ ಬರುತ್ತದೆಯೋ ಏನೋ ಯಾರಿಗೆ ಗೊತ್ತು.

ಬುಧವಾರ ಸಭೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಇಪ್ಪತ್ತು ಜನ ಕುರ್ಚಿ ಎಳೆದುಕೊಂಡು ಕೂತರು. ಎರಡು ಕುರ್ಚಿ ಖಾಲಿ ಇದ್ದವು. ಹಂಪಮ್ಮನಿಗೆ ಕೂತುಕೋ ಎಂದು ಯಾರೂ ಅನ್ನಲಿಲ್ಲ. ಆಕೆಯೂ ಗೋಡೆಗೆ ಜಮಖಾನೆ ಒರಗಿಸಿ, ಅದರ ಪಕ್ಕ ತಾನೂ ಇನ್ನೊಂದು ಸುರುಳಿಯ ಹಾಗೆ ನೆಟ್ಟಗೆ ನಿಂತಳು.

ನಲಿನಿ ಎದ್ದು ಎಲ್ಲಾ ಹೇಳಿದಳು. ಆಕೆಗೆ ಎಷ್ಟನೇ ಕ್ಲಾಸಾಗಿದೆ ಎಂದು ಒಬ್ಬರು ಕೇಳಿದರು. ಯಾವ ಡಾಕ್ಟರ ಪರ್ಮಿಶನ್ ಎಂದು ಇನ್ನೊಬ್ಬರು. "ಮಲಗಿಸಿ ಮಲಗಿಸಿ ಮಕ್ಕಳನ್ನು ಸೋಮಾರಿ ಮಾಡಿದಿರಿ" ಎಂದು ಮೂಲೆಯಿಂದ ಒಂದು ಗಂಡು ದನಿ. ಹಂಪಮ್ಮ ಯಾರ ಮುಖವನ್ನೂ ನೋಡದೆ ಕೇಳುತ್ತಿದ್ದಳು. ದವಡೆಯ ಎಲುಬು ಮಾತ್ರ ಅಲ್ಲಾಡುತ್ತಿತ್ತು.

"ಎಲ್ಲಾ ಬಿಟ್ಟುಬಿಡಿ ಅಂತ ಹೇಳಿದ್ದು ಹೌದೋ ಅಲ್ಲವೋ?" ಎಂದಳು ನಲಿನಿ.

"ಹೌದು" ಎಂದಳು ಹಂಪಮ್ಮ ತೆಲುಗಿನಲ್ಲಿ. "ಅದನ್ನೇ ಹೇಳುತ್ತೇನೆ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದು."

ಕೋಣೆ ಒಂದೇ ಸಲಕ್ಕೆ ಎದ್ದು ಕೂಗಿತು. ಆಕೆಗೆ ಇನ್ನೂ ಗೊತ್ತೇ ಇಲ್ಲ ಎಂದು ಸ್ನೇಹಲತಾಳಿಗೆ ಆಗ ಹೊಳೆಯಿತು. ಯಾವ ಮಾತಿಗೆ ತನ್ನನ್ನು ಹರಿದು ತಿನ್ನುತ್ತಿದ್ದಾರೆ ಎನ್ನುವುದು ಆ ಮುದುಕಿಗೆ ತಿಳಿದಿಲ್ಲ. ಸ್ನೇಹಲತಾ ಎದ್ದು ನಿಂತು ತೆಲುಗಿನಲ್ಲಿ ಹೇಳಿದಳು.

"ಆಕೆ ಹೇಳೋದು ಸಡಿಲ ಮಾಡಿ ಅಂತ. ಕನ್ನಡದಲ್ಲಿ ಸಡಿಲ ಬಿಡಿ ಅಂತೀವಿ. ತೆಲುಗಿನಲ್ಲಿ ವದುಲು ಅನ್ನಬೇಕಾದ ಕಡೆ ವದಿಲೇಯಂಡಿ ಅಂದಿದ್ದಾರೆ. ಇದು ಭಾಷೆಯ ತಪ್ಪು. ಓದು ಬಿಡಿ ಅಂತ ಹೇಳಿಲ್ಲ."

ಗದ್ದಲ ತಗ್ಗಿತು. ಒಬ್ಬಿಬ್ಬರು ಓಹೋ ಎಂದು ತಲೆಯಾಡಿಸಿದರು. ಹಂಪಮ್ಮ ಮೊದಲ ಸಲ ತಲೆ ಎತ್ತಿ ಸ್ನೇಹಲತಾಳನ್ನು ನೋಡಿದಳು. ನಲಿನಿ ಬಿಡಲಿಲ್ಲ.

"ಇದು ನಿಮಗೆ ಯಾವಾಗ ಗೊತ್ತಾಯಿತು?"

ಸುಳ್ಳು ಹೇಳಬಹುದಿತ್ತು. "ಹೋದ ತಿಂಗಳು" ಎಂದಳು ಸ್ನೇಹಲತಾ. "ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಿದ್ದೆ."

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ರಾ? ನನ್ನ ಮಗಳೂ ಅದೇ ಕೋಣೆಯಲ್ಲಿ ಮಲಗಿದ್ದಳಲ್ರೀ!"

ಪಕ್ಕದ ಕುರ್ಚಿಯವಳು ತನ್ನ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡಳು.

ಉಪೇಂದ್ರ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕನ್ನಡದಲ್ಲೇ ಅಂದರು, "ಹಂಪಮ್ಮನವರೇ, ನನಗೆ ಅರ್ಥ ಆಗುತ್ತೆ. ಆದರೆ ಪೇರೆಂಟ್ಸ್‌ಗೆ ಸಮಾಧಾನ ಆಗಬೇಕಲ್ಲ. ನನ್ನಿಂದ ಮಕ್ಕಳಿಗೆ ತೊಂದರೆ ಆಯಿತು, ಕ್ಷಮಿಸಿ ಅಂತ ಎರಡು ಸಾಲು ಬರೆದು ಸೈನ್ ಮಾಡಿಬಿಡಿ. ಮುಂದಿನ ವಾರದಿಂದ ಕ್ಲಾಸು ಎಂದಿನಂತೆ ನಡೀಲಿ."

"ತೆಲುಗು ತಪ್ಪಾತು ಅಂತ ಬರೀತೀನಿ" ಎಂದಳು ಹಂಪಮ್ಮ. "ಇಲ್ಲೇ ಎಲ್ಲಾರ ಮುಂದ ಹೇಳತೀನಿ, ತಪ್ಪಾತು. ಆದ್ರ ಮಕ್ಕಳಿಗೆ ತೊಂದ್ರಿ ಮಾಡೀನಿ ಅಂತ ಬರಿಯೂದಿಲ್ಲ. ಆ ಹುಡುಗಿಯ ಶನಿವಾರದ ಚೀಟಿ ಯಾರರೇ ನೋಡೀರೇನು? ಸೊನ್ನಿ ಐತಿ. ತಲಿಬ್ಯಾನಿ ಪೂರ್ತಿ ಹೋಗಿದ್ದು ಎರಡು ವರ್ಷದಾಗ ಇದಽ ಮೊದಲು ಅಂತ ಆ ಕೂಸಽ ನನಗ ಹೇಳಿತು. ಅದರವ್ವ ಇಲ್ಲೇ ಕುಂತಾಳ. ಮುವ್ವತ್ತೆರಡು ಲೆಕ್ಕ ಬಿಟ್ಟದ್ದು ಎಣಿಸ್ಯಾಳ, ಇದನ್ನ ಎಣಿಸಿಲ್ಲ."

ಯಾರೋ ಅದನ್ನು ನಲಿನಿಗೆ ತೆಲುಗಿನಲ್ಲಿ ಹೇಳಿದರು. ಅವಳ ಮುಖ ಕೆಂಪಾಯಿತು. "ನನ್ನ ಮಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಈಕೆ ಹೇಳಬೇಕಾ?" ಎಂದವಳು ಬಾಗಿಲು ದಡಾರೆಂದು ತೆರೆದು ಹೋದಳು. ಅವಳ ಹಿಂದೆ ಏಳೆಂಟು ಜನ ಎದ್ದರು. ಉಪೇಂದ್ರ ಖಾಲಿಯಾಗುತ್ತಿದ್ದ ಕುರ್ಚಿಗಳನ್ನು ನೋಡಿದರು. "ಸದ್ಯಕ್ಕೆ ನಿಲ್ಲಿಸೋಣ" ಎಂದರು. ಆ ಶಾಲೆಯಲ್ಲಿ ಸದ್ಯಕ್ಕೆ ನಿಂತದ್ದು ಯಾವುದೂ ಮತ್ತೆ ಶುರುವಾದದ್ದಿಲ್ಲ.

ಹಂಪಮ್ಮ ಜಮಖಾನೆ ಹೆಗಲಿಗೇರಿಸಿ ಹೊರಟಳು. ಸ್ನೇಹಲತಾ ಗೇಟಿನ ಹೊರಗೆ, ಕೋಚಿಂಗ್ ಸೆಂಟರುಗಳ ಬೋರ್ಡುಗಳ ಕೆಳಗೆ ನಿಂತ ಬೈಕುಗಳ ನಡುವೆ ದಾರಿ ಮಾಡಿಕೊಂಡು ಬ್ಯಾಂಕಿನ ಮುಂದೆ ಆಕೆಯ ಹತ್ತಿರ ಬಂದಳು.

"ಹಂಪಮ್ಮಾರ, ನಿಂದ್ರರೀ."

ನಿಲ್ಲಲಿಲ್ಲ. ನಡೆಯುತ್ತಲೇ ಅಂದಳು, "ಕೇಳಿದ್ದಿ ಅಲ್ಲ? ಅವತ್ತಽ ಬಂದು ಹೇಳಾಕ ಬಾಯಿ ಬಿದ್ದಿತ್ತೇನು?"

"ಸಿಟ್ಟಿತ್ತು ನಿಮ್ಮ ಮ್ಯಾಲ."

"ಸಿಟ್ಟು ನನ್ನ ಮ್ಯಾಲ, ಏಟು ಆ ಹುಡುಗೀಗೆ. ಭಾಳ ಚಂದ."

ಸ್ನೇಹಲತಾಳಿಗೂ ರೇಗಿತು. ಸಭೆಯಲ್ಲಿ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಬಂತು. "ನೀವೇನು ಕಡಿಮಿ? ಎರಡು ಸಾಲು ಬರದು ಕೊಟ್ಟಿದ್ರ ಕ್ಲಾಸ್ ಉಳೀತಿತ್ತು. ನಿಮ್ಮ ಹಟಕ್ಕ ಮುವ್ವತ್ತು ಮಕ್ಕಳ ಕ್ಲಾಸ್ ಹೋತು. ನನ್ನ ಮಗಳದೂ ಹೋತು. ಬಾಯಿ ಸಡ್ಲ ಬಿಡೂದು ಒಂದು ಗೊತ್ತೈತಿ ನಿಮಗ, ಹಟ ಸಡ್ಲ ಬಿಡಾಕ ಬರೂದಿಲ್ಲ."

ಈಗ ಹಂಪಮ್ಮ ನಿಂತಳು. ಇದಕ್ಕೆ ಏನಾದರೂ ಅನ್ನುತ್ತಾಳೆಂದು ಸ್ನೇಹಲತಾ ಸೆರಗು ಬಿಗಿಹಿಡಿದು ಕಾದಳು. ಹಂಪಮ್ಮ ಜಮಖಾನೆಯನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಿಸಿದಳು. ಬಿಸಿಲಲ್ಲಿ ಆಕೆಯ ಕತ್ತಿನ ನರಗಳು ಎದ್ದು ಕಾಣುತ್ತಿದ್ದವು.

"ಬರದು ಕೊಡಬೇಕಿತ್ತೋ ಏನೋ" ಎಂದಳು. "ಕೈ ಬರಲಿಲ್ಲ. ಮುವ್ವತ್ತೆಂಟು ವರ್ಷ ಆಯಾ ಅಂತಽ ಕರದ್ರು. ಇಲ್ಲಿ ಮಕ್ಕಳು ಮಿಸ್ ಅಂದ್ವು. ಮಿಸ್ ತೊಂದ್ರಿ ಮಾಡಿದ್ಲು ಅಂತ ನಾನಽ ಹೆಂಗ ಬರೀಲಿ?"

ಮೆಟ್ರೋ ಮೆಟ್ಟಿಲ ತನಕ ಇಬ್ಬರೂ ಜೊತೆಗೇ ನಡೆದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟು ಹಂಪಮ್ಮ ತಿರುಗಿದಳು.

"ನಿನ್ನ ಮಗಳ ಚಿಂತಿ ಬಿಡು. ಆಕಿ ಕಲ್ತಾಳ, ಇನ್ನ ನನ್ನ ಜರೂರಿಲ್ಲ ಆಕೀಗೆ. ಆ ಸೌಂದರ್ಯಾ ಕಲ್ತಿಲ್ಲ. ಅರ್ಧಕ್ಕ ಐತಿ. ಬಿಗಿ ಬಿಡೂದು ಗೊತ್ತಾಗೇತಿ, ಬಿಟ್ಟು ಮತ್ತ ಪೆನ್ನು ಹಿಡಿಯೂದು ಗೊತ್ತಿಲ್ಲ. ಅದನ್ನ ಕಲಸೂದ್ರಾಗ ಹಿಂಗಾತು. ಈಗ ಮನ್ಯಾಗ ಸಿ ಸೆಕ್ಷನ್ ಅಂತ ದಿನಾ ಬೈಗಳ ಬೀಳ್ತಾವು. ಎಡ ಹೆಗಲು ಹಗ್ಗದಂಗ ಹುರಿಗಟ್ಟೇತಿ ಆ ಕೂಸಿಂದು, ಮುಟ್ಟಿದ್ರ ನನ್ನ ಬೆರಳಿಗೇ ನೋಯ್ತೈತಿ."

"ನಲಿನಿ ನನ್ನ ಮುಖಾನೂ ನೋಡೂದಿಲ್ಲ ಇನ್ನ ಮ್ಯಾಲೆ."

"ನೋಡತಾಳ. ಒಂದಽ ಲಿಫ್ಟಿನ್ಯಾಗ ಹೋಗವರು, ಎಷ್ಟು ದಿನ ಗ್ವಾಡಿ ನೋಡತಾಳ? ನಾಕು ಅಂತಾಳ, ಅನ್ನಿಸ್ಕೊ. ನನ್ನ ಕಡಿಂದ ಅನ್ನಿಸಿಕೊಂಡು ರೂಢಿ ಐತಲ್ಲ ನಿನಗ." ಹಂಪಮ್ಮ ಒಂದು ಮೆಟ್ಟಿಲು ಇಳಿದು ಅವಳ ಸಮಕ್ಕೆ ಬಂದು ನಿಂತಳು. ದನಿ ಮಾತ್ರ ಜಗಳದ್ದೇ ಇತ್ತು. "ಪಿಂಕಿ ಜೋಡಿ ಆಡಾಕ ಅಂತ ಆ ಕೂಸಿನ್ನ ನಿನ್ನ ಮನೀಗೆ ಕರಿ. ಒಂದು ತಿಂಗಳ, ಹೆಚ್ಚು ಬ್ಯಾಡ. ಇಬ್ಬರನ್ನೂ ಜೋಡಿ ಮಲಗಿಸು. ಎಡ ಹೆಗಲು ಕಡೀಕ ಹಿಡಿ, ಮೊದಲಽ ಮುಟ್ಟಿದ್ರ ಬೆದರತಾಳ. ಎದ್ದ ಕೂಡಲೆ ಕೈಯಾಗ ಪೆನ್ನು ಕೊಟ್ಟು ಒಂದಽ ಒಂದು ಲೆಕ್ಕ ಮಾಡಸು. ನನ್ನ ಹೆಸರು ಎತ್ತಬ್ಯಾಡ. ಬೇಡಾಕತ್ತಾಳ ಅಂತ ತಿಳಕೊ, ಬೈಯಾಕತ್ತಾಳ ಅಂತ ತಿಳಕೊ, ಇದೊಂದು ಮಾಡು ನನಗ."